ಒಂಬತ್ತನೆಯ ಡಬ್ಬಿ

ಆ ಭಾನುವಾರವೂ ಕಾಲುವೆಯ ದಂಡೆಗೆ ಹೋಗಿದ್ದೆ.
ಬರ್ಸ್ಲೆಮ್‌ನ ಕೆಳಗೆ, ಮುಚ್ಚಿದ ಕಾರ್ಖಾನೆಯ ಹಿತ್ತಲಲ್ಲಿ
ಅಗೆದಷ್ಟೂ ಬೋಕಿ.
ಇನ್ನೂರು ವರ್ಷ ಒಡೆದದ್ದೆಲ್ಲ ಅಲ್ಲೇ ಸುರಿದಿದ್ದಾರೆ:
ಅರ್ಧ ನೀಲಿ ಸೇತುವೆ,
ಹಕ್ಕಿಯಿಲ್ಲದ ರೆಕ್ಕೆ,
ಯಾರದೋ ಹೆಬ್ಬೆರಳು ಒತ್ತಿದ ಲೋಟದ ಹಿಡಿ.

ತೊಳೆದೆ, ಒರೆಸಿದೆ, ಡಬ್ಬಿಗೆ ಹಾಕಿದೆ.
ಬಿಸ್ಕತ್ತಿನ ಡಬ್ಬಿ, ಒಂಬತ್ತನೆಯದು.
ಚೀಟಿ ಅಂಟಿಸಿದೆ: ‘ಹಸಿರು, ಬಿರುಕು ಮೆರುಗು. ನೋಡಬೇಕು.’
ಉಳಿದ ಎಂಟರ ಮೇಲೂ ಬರೆದಿದೆ, ನೋಡಬೇಕು.
ನೋಡಿದ್ದೇನೆ. ನೋಡಿ ನೋಡಿ
ಕಣ್ಣಿಗೆ ಬೊಜ್ಜು ಬಂದಿದೆ.
ಶೆಡ್ಡಿನ ಮೂಲೆಯಲ್ಲಿ ಜೇಡಿಯ ಚೀಲ
ಬಾಯಿ ಕಟ್ಟಿಸಿಕೊಂಡು ಕೂತಿದೆ,
ಚುಚ್ಚಿದರೆ ಉಗುರು ಇಳಿಯುವುದಿಲ್ಲ.

ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ
ಶನಿವಾರ ಮ್ಯೂಸಿಯಮ್ಮಿಗೆ, ಭಾನುವಾರ ಕಾಲುವೆಗೆ.
ನಡುವೆ ಕೈ ತೊಳೆಯುತ್ತೇನೆ, ಅಷ್ಟೇ.
ಕಳೆದ ಚಳಿಗಾಲ ತಿಗರಿಯ ಮೇಲೆ ಒಂದು ಬಟ್ಟಲು ಎತ್ತಿದ್ದೆ.
ಎಲ್ಲರೂ ಚಂದ ಅಂದರು.
ಬೆರಿಲ್ ಮೇಚಿನ್ ಮಾತ್ರ ಮಗುಚಿ ತಳ ನೋಡಿದಳು.
(ಈ ಊರವರು ಊಟಕ್ಕೆ ಕರೆದರೂ ತಟ್ಟೆಯ ತಳ ನೋಡುತ್ತಾರೆ,
ಹೆಣ್ಣು ನೋಡಲು ಬಂದವರು ಕುಲ ಕೇಳುವ ಹಾಗೆ.)
‘ಅಂಚು ಮ್ಯೂಸಿಯಮ್ಮಿನದು,
ಬಣ್ಣ ನೀನು ಹೇಳುತ್ತಿರುವ ಆ ಜಪಾನಿಯವನದು,
ಪಾದ ನನ್ನ ತಮ್ಮ ದುಡಿದ ಕಾರ್ಖಾನೆಯದು.
ನಿನ್ನ ಪಾಲಿಗೆ ಏನುಳಿಯಿತು, ಡಕ್?’
ಡಕ್ ಅಂದರೆ ಬಾತುಕೋಳಿಯಲ್ಲ. ಇಲ್ಲಿ
ತಂಗಿ, ಮಗಳೇ, ಮಾರಾಯ್ತಿ ಎಲ್ಲವೂ ಅದೇ.
ಅದಕ್ಕೇ ಮಾತು ಅರ್ಧ ದಿನ ತಡವಾಗಿ ಚುಚ್ಚಿತು.

ಬೆರಿಲ್ ಗುಲಾಬಿ ಬರೆದವಳು.
ಮೂವತ್ತೊಂದು ವರ್ಷ ಒಂದೇ ಗುಲಾಬಿ,
ಮಾದರಿ ಪುಸ್ತಕದ ನಾಲ್ಕು ಸಾವಿರದ ಹದಿನೇಳನೆಯ ಹೂವು.
ಐದು ಎಸಳು, ಎರಡು ಎಲೆ, ಒಂದು ಮೊಗ್ಗು;
ಮುಳ್ಳೊಂದು ಹೆಚ್ಚಾದರೂ ಕೂಲಿಗೆ ಕತ್ತರಿ.
ಬೇಸರ ಬರಲಿಲ್ಲವೇ ಎಂದೆ.
‘ಬಂತಲ್ಲ. ಸಾಲಿನಲ್ಲಿ ಹದಿನಾಲ್ಕು ಹುಡುಗಿಯರು,
ಹದಿನಾಲ್ಕು ಗುಲಾಬಿ. ಡೋರೀನಳದ್ದು ಸೀನಲು ಹೊರಟ ಹಾಗೆ,
ಎಡಗೈಯವಳದ್ದು ಗಾಳಿಗೆ ಬೆನ್ನು ಕೊಟ್ಟ ಹಾಗೆ.
ನನ್ನದು ಹಳೇ ಸಾಮಾನಿನ ಸಂತೆಯಲ್ಲಿ ಈಗಲೂ ಸಿಗುತ್ತದೆ.
ಕೊಳ್ಳುವುದಿಲ್ಲ. ಮಾತಾಡಿಸಿ ಬರುತ್ತೇನೆ.’

ಆ ರಾತ್ರಿ ಹಾಲು ಕಾಯಿಸಿದೆ, ಹೆಪ್ಪಿರಲಿಲ್ಲ.
ಪಕ್ಕದ ಮನೆಯ ಶಮೀಮಳಲ್ಲಿ ಒಂದು ಚಮಚ ಕೇಳಿದರೆ
ಬಟ್ಟಲು ತುಂಬ ಕೊಟ್ಟಳು.
ಅಷ್ಟನ್ನೂ ಸುರಿದರೆ ಬೆಳಗಾಗುವುದರೊಳಗೆ ಹುಳಿ ನೀರು,
ಗೊತ್ತಿದ್ದದ್ದೇ.
ಒಂದು ಚಮಚ ಕದಡಿ, ಮುಚ್ಚಿ,
ಶಾಲು ಸುತ್ತಿ ಇಟ್ಟೆ.
ಉಳಿದದ್ದನ್ನು ಉಪ್ಪು ಉದುರಿಸಿ ನಿಂತೇ ತಿಂದೆ,
ಬಟ್ಟಲು ನೆಕ್ಕುವಷ್ಟು ಹಸಿವಿತ್ತು ಎಂದು
ತಿನ್ನುವಾಗ ತಿಳಿಯಿತು.

ಅರೆ ಒಣಗಿದ ಜೇಡಿ ನೀರು ಕುಡಿಯುವುದಿಲ್ಲ.
ಬಿಸಿಲಿಲ್ಲದ ಊರಲ್ಲಿ ಹದಿನೈದು ದಿನ ಹರಡಿದೆ,
ಮೂಳೆಯಂತೆ ಒಣಗಲಿ ಎಂದು. ಸುತ್ತಿಗೆಯಿಂದ ಒಡೆದು
ಬಕೆಟ್ಟಿಗೆ ಹಾಕಿದರೆ ಬುಸ್ಸೆಂದು ಕರಗಿತು.
ಆಮೇಲೆ ಡಬ್ಬಿಗಳು.
ಮೊದಲನೆಯದನ್ನು ಚೀಲಕ್ಕೆ ಸುರಿದು ಕುಟ್ಟುವಾಗ
ಪಾಪ ಮಾಡಿದ ಸದ್ದು.
ಮೂರನೆಯದರ ಹೊತ್ತಿಗೆ ಬರೀ ಕಲ್ಲುಪ್ಪಿನ ಸದ್ದು.
ಜರಡಿ ಹಿಡಿದೆ. ಸೇತುವೆ, ರೆಕ್ಕೆ, ಹಸಿರು,
ಎಲ್ಲ ಒಂದೇ ನುಚ್ಚು.
ಮಣ್ಣಿಗೆ ಕಲಸಿ ನಾದಿದೆ, ಅಂಗೈ ಕೆಂಪಾಯಿತು.
‘ಮೆರುಗಿದ್ದದ್ದು ಬೆಂಕಿಯಲ್ಲಿ ಸಿಡಿದೀತು’ ಎಂದಳು ಬೆರಿಲ್.
ಸಿಡಿಯಲಿ ಎನ್ನುವಷ್ಟು ಧೈರ್ಯ ನನಗಿಲ್ಲ;
ನೋಡೋಣ ಎಂದೆ.

ಹೊಸ ಬಟ್ಟಲು ಹಲಗೆಯ ಮೇಲಿದೆ, ಇನ್ನೂ ಸುಟ್ಟಿಲ್ಲ.
ಒಂದು ಕಡೆ ವಾಲಿದೆ, ಕಿವುಡರು ಮಾತು ಕೇಳುವಂತೆ.
ಚಂದ ಅಂತ ಯಾರೂ ಅಂದಿಲ್ಲ.
ಡಬ್ಬಿಗಳು ಎಂಟು ಖಾಲಿ.
ಒಂಬತ್ತನೆಯದನ್ನು ಕುಟ್ಟಲಿಲ್ಲ:
ಅದರಲ್ಲೊಂದು ಗುಲಾಬಿಯ ಚೂರಿದೆ, ಮೂರೇ ಎಸಳು,
ಸೀನಲು ಹೊರಟ ಹಾಗೆ.

ಭಾನುವಾರ ಮತ್ತೆ ಕಾಲುವೆಗೆ ಹೋಗುತ್ತೇನೆ.
ಡಬ್ಬಿ ಒಯ್ಯುವುದಿಲ್ಲ ಎನ್ನಲಾರೆ.
ಚಿಕ್ಕದನ್ನು ಒಯ್ಯುತ್ತೇನೆ.