ಒಂದು ಕಾಲಿಗೆ ಬೂಟು

ಹನ್ನೊಂದು ದಿನವಾಯಿತು, ಕ್ಲೊತಿಲ್ದೆ
ಒಂದು ಕಾಲಿಗೆ ಬೂಟು ತೊಟ್ಟು
ಹೊಸಿಲ ಬಳಿ ನಿಂತು.
ಇನ್ನೊಂದು ಮಂಚದ ಕೆಳಗಿದೆ ಎಂದು ಬರೆಯುವಷ್ಟರಲ್ಲಿ
ಮಗ ಬಾಲ್ತಸಾರನ ಮೈ ಕಾದಿತ್ತು.

ಗಂಡನನ್ನು ಬಿಟ್ಟು ಹೊರಟ ಹೆಂಗಸು ಅವಳು, ನನ್ನ ಕಥೆಯಲ್ಲಿ.
ದೋಣಿ ಹತ್ತಿಸುವುದು ಹಾಗಿರಲಿ,
ಬಾಗಿಲು ದಾಟಿಸಲೂ ಪುರುಸೊತ್ತಿಲ್ಲ ನನಗೆ.

ವಾಲ್ಪರೈಸೊದ ಗುಡ್ಡದ ನೆತ್ತಿಯಲ್ಲಿ
ಹಳಿಗಾಡಿಯ ಟಿಕೆಟ್ಟು ಹರಿಯುವವಳು ನಾನು.
ಒಂದು ಡಬ್ಬಿ ಏರಿದರೆ ಇನ್ನೊಂದು ಇಳಿಯುತ್ತದೆ.
ನಡುವಿನ ಎರಡು ನಿಮಿಷ ನನ್ನದು.
ಟಿಕೆಟ್ ಸುರುಳಿಯ ಬೆನ್ನ ಮೇಲೆ
ಒಂದೂವರೆ ವಾಕ್ಯ.
ಎಷ್ಟೋ ಸಲ ಆ ಅರ್ಧ
ಯಾರದೋ ಜೇಬು ಸೇರಿ
ಮೀನಿನ ಮಾರುಕಟ್ಟೆಗೆ ಇಳಿದು ಹೋಗಿದೆ.

ತೂಗಿಸಿಕೊಂಡು ಹೋಗಬೇಕು ಕಣೇ
ಅನ್ನುತ್ತಾಳೆ ಅತ್ತೆ ಎದೆಲ್ಮಿರಾ,
ಸಂಜೆಯ ಚಹಾಕ್ಕೆ ಗರಿಗರಿ ಬ್ರೆಡ್ಡು ಮುರಿಯುತ್ತ,
ನಿನ್ನ ಆ ಎರಡು ಡಬ್ಬಿಗಳ ಹಾಗೆ.
ಚೆನ್ನಾಗಿದೆಯಲ್ಲ ಎಂದು ಬರೆದುಕೊಂಡೆ.
ರಾತ್ರಿ ಪಾತ್ರೆ ತೊಳೆದು ಬಂದು
ಹೊಡೆದುಹಾಕಿದೆ.

ಅಲ್ಲಿ ಡಬ್ಬಿಗಳು ಎರಡೇ, ಅತ್ತೆ.
ನನಗೆ ಜ್ವರದ ಮಗನಿದ್ದಾನೆ,
ಬಂದರಿನಲ್ಲಿ ರಾತ್ರಿಪಾಳಿ ಮಾಡಿ
ಹಗಲು ನಿದ್ರಿಸುವ ಗಂಡನಿದ್ದಾನೆ,
ಪಿಸುಮಾತಿನಲ್ಲೇ ನಡೆಯಬೇಕಾದ ಮನೆಯಿದೆ,
ನೀವಿದ್ದೀರಿ, ನಿಮ್ಮ ಮಂಡಿಯಿದೆ,
ಅರ್ಧಕ್ಕೆ ಬಿಟ್ಟು ಇಪ್ಪತ್ತು ವರ್ಷದ ಮೇಲೆ
ಮತ್ತೆ ಹೊಕ್ಕ ರಾತ್ರಿಶಾಲೆಯಿದೆ,
ಮತ್ತೆ ಅವಳು, ಒಂಟಿ ಬೂಟಿನವಳು.
ಇಷ್ಟನ್ನೂ ಒಂದೇ ಉಕ್ಕಿನ ಹಗ್ಗಕ್ಕೆ ಕಟ್ಟುವ ಎಂಜಿನಿಯರು
ಎಲ್ಲಾದರೂ ಇದ್ದರೆ ಕಳಿಸಿಕೊಡಿ,
ಅವನಿಗೂ ಒಂದು ಕಪ್ ಚಹಾ ಕೊಡೋಣ.

ರಾತ್ರಿಶಾಲೆಯಲ್ಲಿ ಬೀಜಗಣಿತ.
ಪಕ್ಕದ ಬೆಂಚಿನಲ್ಲಿ ಗ್ಯಾಸ್ ಮಾರುವ ಯೆರ್ಕೊ,
ಹತ್ತೊಂಬತ್ತರ ಹುಡುಗ, ಬಾಯಿ ತೆರೆದು ನಿದ್ದೆ.
ಹೊಟ್ಟೆಕಿಚ್ಚಾಗುತ್ತದೆ ಅವನನ್ನು ಕಂಡರೆ.
ಇಸ್ಮೇನಿಯಾ, ಎಕ್ಸ್ ಎಲ್ಲಿದೆ? ಕೇಳಿದರು ಮೇಷ್ಟ್ರು.
ಮಂಚದ ಕೆಳಗೆ, ಅಂದೆ.
ತರಗತಿ ನಕ್ಕಿತು, ಯೆರ್ಕೊ ಎಚ್ಚರಾದ,
ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ.
ಆಮೇಲೆ ಸುಮಾರು ಹೊತ್ತು ಆ ನೀರು ನಿಲ್ಲಲಿಲ್ಲ.

ಕ್ಲಿನಿಕ್ಕಿನ ನರ್ಸು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು.
ನಿಮಗಾಗಿ ಏನು ಮಾಡುತ್ತೀರಿ?
ಬರೆಯುತ್ತೇನೆ.
ಅದು ಕೆಲಸ. ನಿಮಗಾಗಿ?
ಗಾಳಿ ಉಸ್ಸೆಂದು ಇಳಿಯಿತು.
ಅವಳ ಕಾಗದದಲ್ಲಿ ಆ ಮನೆ ಖಾಲಿಯೇ ಉಳಿಯಿತು.
ಮನೆವರೆಗೂ ಜಗಳವಾಡಿದೆ ಅವಳೊಂದಿಗೆ, ಮನಸ್ಸಿನಲ್ಲೇ,
ಮೆಟ್ಟಿಲು ಮೆಟ್ಟಿಲಿಗೂ ಒಂದು ವಾದ.
ಮೇಲೆ ತಲುಪುವಾಗ ಏದುಸಿರು, ವಾದ ಮುಗಿದಿತ್ತು,
ಗೆದ್ದವಳು ಅವಳು.

ಭಾನುವಾರ ಹಗ್ಗಕ್ಕೆ ಎಣ್ಣೆ ಹಾಕಲು
ಗಾಡಿ ನಿಲ್ಲಿಸಿದರು.
ಮಗನಿಗೆ ಜ್ವರ ಬಿಟ್ಟು, ಅಪ್ಪನೊಡನೆ ಗಾಳಿಪಟಕ್ಕೆ ಹೋಗಿದ್ದ.
ಅತ್ತೆ ಚರ್ಚಿನಲ್ಲಿ.
ಇಡೀ ಮಧ್ಯಾಹ್ನ ಬಂದು ಮಡಿಲಲ್ಲಿ ಕೂತಿತು,
ಯಾರದೋ ಕೂಸಿನ ಹಾಗೆ, ಎಲ್ಲಿ ಹಿಡಿಯಬೇಕೋ ತಿಳಿಯದು.
ಪುಸ್ತಕ ತೆರೆದೆ. ಪೆನ್ನಿನ ಮುಚ್ಚಳ ತೆಗೆದೆ.
ಕ್ಲೊತಿಲ್ದೆ ತಲೆಯೆತ್ತಿ ನೋಡಿದಳು.
ಇರು, ಎಂದೆ.

ಮಲಗಿದೆ.
ಕನಸಿಲ್ಲ, ಕಥೆಯಿಲ್ಲ,
ಕಡಲ ಮಂಜು ಕಿಟಕಿಯಿಂದ ಬಂದು
ಹೊದಿಕೆಯ ಮೇಲೆ ಇನ್ನೊಂದು ಹೊದಿಕೆಯಾಗಿ,
ಮೂರು ಗಂಟೆ, ಕಲ್ಲಿನಂತೆ.

ಎದ್ದಾಗ ಕೆನ್ನೆಯ ಮೇಲೆ ದಿಂಬಿನ ಗೆರೆ.
ಹಾಳೆಯ ಮೇಲೆ ಒಂದೇ ಸಾಲು ಬರೆದೆ:
ಕ್ಲೊತಿಲ್ದೆ ತೊಟ್ಟ ಬೂಟನ್ನೂ ಬಿಚ್ಚಿ
ಮಂಚದ ಅಂಚಿಗೆ ಕೂತಳು;
ದೋಣಿಗೆ ಇನ್ನೂ ಹೊತ್ತಿತ್ತು.

ಚೆನ್ನಾಗಿ ಬಂದಿದೆಯೋ ಇಲ್ಲವೋ ನೋಡಲಿಲ್ಲ.
ಕೆಳಗಿನ ಓಣಿಯಲ್ಲಿ ಯೆರ್ಕೊ
ಸಿಲಿಂಡರಿಗೆ ಕಬ್ಬಿಣ ಬಡಿಯುತ್ತ ಟಣ ಟಣ ಟಣ,
ಮನೆಯಲ್ಲಿ ಗ್ಯಾಸು ಮುಗಿದು ಎರಡು ದಿನ,
ಹೋಯ್, ನಿಲ್ಲೋ ಎಂದು ಕೂಗುತ್ತ
ಬರಿಗಾಲಲ್ಲೇ ಮೆಟ್ಟಿಲಿಳಿದೆ.