ಶಾಲು ಬೇರೆ ಲೇಯರ್

ದಿನಕ್ಕೊಂದು ಫೋಟೊ, ಹೆಚ್ಚಿಲ್ಲ ಕಡಿಮೆಯಿಲ್ಲ.
ವಿನೋಬನಗರದಿಂದ ದುರ್ಗಿಗುಡಿಗೆ ನಡೆದು ಬರುತ್ತ
ಎಲ್ಲಾದರೂ ನಿಂತು, ಮೊಬೈಲು ಅಡ್ಡ ಹಿಡಿದು
ಒಂದು. ಹಲ್ಲುಜ್ಜಿದ ಹಾಗೆ.

ಸೋಮವಾರ: ಸಾಗರದ ಬಸ್ಸಿನ ಕಿಟಕಿಯಿಂದ
ಸೀಟು ಹಿಡಿಯಲು ಒಳಗೆ ತೂರಿದ ಕರ್ಚೀಫು.
ಮಂಗಳವಾರ: ತುಂಗಾ ಸೇತುವೆಯ ಕಂಬಿಗೆ ಪೊರಕೆ ಒರಗಿಸಿ
ಮೊಳಕೈ ನೀವಿಕೊಳ್ಳುತ್ತಿರುವ ಹೆಂಗಸು.
ಬುಧವಾರ: ಗಾಂಧಿ ಬಜಾರಿನ ಎಮ್ಮೆ.
ಎಮ್ಮೆ ಅಂದರೆ ಎಮ್ಮೆ, ಬೇರೆ ಅರ್ಥವಿಲ್ಲ.
ಗುರುವಾರ ಮರೆತೆ.

ಆಮೇಲೆ ಶಟರ್ ಎತ್ತಿ, ಊದುಬತ್ತಿ ಹಚ್ಚಿ
ಹೊಟ್ಟೆಪಾಡಿನ ಚಿತ್ರಗಳು:
ಹುಟ್ಟುಹಬ್ಬ, ಹಾರ್ದಿಕ ಸ್ವಾಗತ, ಭಾವಪೂರ್ಣ ಶ್ರದ್ಧಾಂಜಲಿ,
ಎಲ್ಲಕ್ಕೂ ಚದರಡಿಯ ಲೆಕ್ಕ ಒಂದೇ.

ಶೇಷಗಿರಿಯಪ್ಪನವರ ಮುಖ ನನ್ನ ಬಳಿ
ಹನ್ನೊಂದು ವರ್ಷದಿಂದ ಇದೆ,
ಹಿನ್ನೆಲೆ ಕತ್ತರಿಸಿ, ಕಣ್ಣ ಕೆಳಗಿನ ಕಪ್ಪು ಒರೆಸಿ.
ಅದೇ ಮುಗಿದ ಕೈ, ಅದೇ ನಗು, ಅದೇ ಹರಳಿನ ಉಂಗುರ.
ಶಾಲು ಮಾತ್ರ ಬೇರೆ ಲೇಯರ್.

ಮೊದಲ ಸಲ ಅವರ ಹುಡುಗ ಬಂದು
ಬಾಗಿಲಲ್ಲೇ ನಿಂತು ಬೆರಳು ಮುರಿದಿದ್ದ:
"ಅಕ್ಕಾ, ಸ್ವಲ್ಪ ಬಣ್ಣ ಚೇಂಜ್ ಮಾಡ್ಬೇಕಿತ್ತು."
ಎರಡನೇ ಸಲ ಫೋನಿನಲ್ಲೇ.
ಮೂರನೇ ಸಲ, ಅಂದರೆ ಈ ಶುಕ್ರವಾರ,
ವಾಟ್ಸಾಪಿಗೆ ಬರೀ ಒಂದು ಹೃದಯ ಕಳಿಸಿದ.
ಹೃದಯದ ಬಣ್ಣ ನೋಡಿ ಕೆಲಸ ಶುರುಮಾಡಿದೆ.

ಮಧ್ಯಾಹ್ನದೊಳಗೆ ಬೀದಿಗೆ ಬಾಯಿ ಬಂತು.
ಇಸ್ತ್ರಿ ಅಂಗಡಿಯ ಪಳನಿ, ಕೆಂಡ ಊದುತ್ತ:
"ಒಂದು ಪ್ಯಾಂಟಿಗೆ ಎರಡು ಗೆರೆ ಬಿದ್ರೆ ಗಿರಾಕಿ ಬೈತಾನೆ ಮೇಡಂ,
ಇವ್ರಿಗೆ ಮೂರು ಬಿದ್ದಿದೆ, ಹಾರ ಹಾಕ್ತಾರೆ."
ಜೆರಾಕ್ಸ್ ಮಾಡಿಸಲು ಬಂದ ಗುಂಡಾಭಟ್ಟರು:
"ಪಕ್ಷ ಅಂದ್ರೆ ಹದಿನೈದೇ ದಿನ ಕಣಮ್ಮ, ಪಂಚಾಂಗ ನೋಡು,"
ಎಂದು ತಮ್ಮ ಮಾತಿಗೆ ತಾವೇ ನಕ್ಕು ಕೆಮ್ಮಿದರು.
ಆಟೊ ಲಾರೆನ್ಸನದು ದೊಡ್ಡ ಮನಸ್ಸು:
"ಮಂಡಗದ್ದೆಗೆ ಬೆಳ್ಳಕ್ಕಿ ಬರಲ್ವಾ, ಹೋಗಲ್ವಾ? ಹಂಗೆ."
"ಥೂ, ಹಕ್ಕಿ ಮಾನ ತೆಗೀಬೇಡ," ಎಂದಳು
ಸೊಪ್ಪಿನ ಮೆಹರುನ್ನೀಸಾ,
"ಅವು ಬಾಣಂತನಕ್ಕೆ ಬರೋದು. ಮಂತ್ರಿಯಾಗೋಕಲ್ಲ."

ನಾನು ಏನೂ ಹೇಳಲಿಲ್ಲ.
ನಾನೂ ಪಕ್ಷ ಬದಲಿಸಿದವಳೇ, ಇಪ್ಪತ್ತೆರಡರಲ್ಲಿ,
ಹಸೆಮಣೆಯ ಮೇಲೆ ಕೂತು.
ಇನಿಶಿಯಲ್ಲು ಬದಲಾಯಿತು, ಮನೆದೇವರು ಬದಲಾಯಿತು,
ಸಾರಿಗೆ ಹಾಕುವ ಬೆಲ್ಲದ ಅಳತೆ ಬದಲಾಯಿತು.
ಯಾರೂ ರೆಸಾರ್ಟಿಗೆ ಕರೆದೊಯ್ಯಲಿಲ್ಲ.

ಶನಿವಾರ ಹೊಸ ಫ್ಲೆಕ್ಸು ಏರಿತು, ಹನ್ನೆರಡು ಇಪ್ಪತ್ತು ಅಡಿ,
ಸರಿಯಾಗಿ ಮೆಹರುನ್ನೀಸಾಳ ಗಾಡಿಯ ನೆತ್ತಿಗೆ.
ಆ ಗಾಡಿಯ ಸೂರೂ ಫ್ಲೆಕ್ಸೇ,
ಎರಡು ಶಾಲಿನ ಹಿಂದಿನದು, ನಾನೇ ಕೊಟ್ಟದ್ದು.
ಮುಖ ಒಳಗೆ ಮಾಡಿ ಕಟ್ಟಿದ್ದಾಳೆ.
ಮೇಲಿನ ಶೇಷಗಿರಿಯಪ್ಪ ಬೀದಿಗೆ ಕೈಮುಗಿದಿದ್ದಾರೆ,
ಕೆಳಗಿನವರು, ಮಾಸಿದವರು,
ಹರಿವೆಗೆ, ದಂಟಿಗೆ, ಸಬ್ಬಸಿಗೆಗೆ.

ಬೆಳಗಿನದು ಆಗಲೇ ತೆಗೆದಾಗಿತ್ತು,
ಹಾಲಿನ ಕ್ರೇಟಿನೊಳಗೆ ಮಲಗಿದ ಬೆಕ್ಕು.
ಆದರೂ ಮೊಬೈಲು ಅಡ್ಡ ಹಿಡಿದೆ.
ನಿಯಮ ಮುರಿಯುವುದು ಇಷ್ಟು ಸಲೀಸು ಅಂದುಕೊಂಡಿರಲಿಲ್ಲ.

ಸಂಜೆ ಹುಡುಗನ ಫೋನು:
"ಅಕ್ಕಾ, ಹಳೇ ಫೈಲೆಲ್ಲ ಡಿಲೀಟ್ ಮಾಡ್ಬೇಕಂತೆ, ಅಣ್ಣ ಹೇಳಿದ್ರು."
ಆಯ್ತು ಎಂದೆ. ಮಾಡಲಿಲ್ಲ.
ತತ್ವ ಗಿತ್ವ ಏನಿಲ್ಲ,
ನಾಳೆ ಅದೇ ಬಣ್ಣಕ್ಕೆ ವಾಪಸು ಬಂದರೆ
ಮತ್ತೆ ಕೂತು ಅಂಚು ಕತ್ತರಿಸುವವರು ಯಾರು?

ಶಟರ್ ಎಳೆಯುವಾಗ ಮೆಹರುನ್ನೀಸಾ ಕೈಚಾಚಿದಳು:
"ಏನೋ ತೆಗೆದ್ಯಲ್ಲ, ತೋರ್ಸು."
ಒದ್ದೆ ಬೆರಳಲ್ಲಿ ಚಿತ್ರ ಹಿಗ್ಗಿಸಿದಳು,
ಮೇಲಿನ ಮುಖ ದಾಟಿ, ಕೆಳಗಿನ ಮುಖ ದಾಟಿ,
ಉಂಗುರದ ಬೆರಳ ಹತ್ತಿರ ನಿಂತಳು.
"ನೋಡು, ಇಲ್ಲಿ ತೂತು. ನಾನು ಎಲ್ಲೆಲ್ಲೋ ಹುಡುಕ್ತಿದ್ದೆ.
ಮಳೆ ಹಿಡಿಯೋದ್ರೊಳಗೆ ಇನ್ನೊಂದು ಕೊಡು.
ಯಾರದಾದ್ರೂ ಸರಿ.
ದಪ್ಪ ಇರ್ಲಿ."