ಪರದೆ ಡ್ಯೂಟಿ

ಖಜಾನೆಯಲ್ಲಿ ನನ್ನ ಕೆಲಸ ಪಿಂಚಣಿ ಬಿಲ್ಲು.
ಹನ್ನೊಂದು ವರ್ಷದಲ್ಲಿ ಮುಟ್ಟಿದ್ದು ಕಾಗದ, ಸೀಲು, ಗೋಂದು.
ಶುಕ್ರವಾರ ಸಂಜೆ ಸೂಪರಿಂಟೆಂಡೆಂಟು ಆದೇಶ ಕೊಟ್ಟು ನಕ್ಕರು:
"ನಿಮ್ದೇನ್ರೀ ಹೊಂಬಾಳಮ್ಮ, ಬರೀ ಕೈಯಾಡಿಸೋದು."

ಭಾನುವಾರ, ಮಂಡ್ಯದ ಪರೀಕ್ಷಾ ಕೇಂದ್ರ.
ಎರಡು ಕಿಟಕಿಯ ನಡುವೆ ಹಗ್ಗ,
ಹಗ್ಗಕ್ಕೆ ಯಾರದೋ ಮನೆಯ ಬೆಡ್‌ಶೀಟು, ಅದರಲ್ಲಿ ನವಿಲು.
ಹಿಂದೆ ನಾನು.

ಒಬ್ಬೊಬ್ಬಳೇ ಬಂದು ಕೈ ಚಾಚಿ ನಿಂತಳು
ಹೊಲದ ಬೆರ್ಚಪ್ಪನ ಹಾಗೆ.
ಓಲೆ ತೆಗಿ, ಪಿನ್ನು ತೆಗಿ, ಜಡೆ ಬಿಚ್ಚು ಅಂದೆ.
ಸೆರಗು ಜಾರಿದರೆ ಬೆವರುವವಳು ನಾನು,
ಗುರುತಿಲ್ಲದ ಹೆಣ್ಣುಮಕ್ಕಳ ಬೆನ್ನುಮೂಳೆ ಎಣಿಸಿದೆ.
ಕಣ್ಣು ಮಾತ್ರ ನವಿಲಿನ ಮೇಲಿಟ್ಟೆ.
ಅದೂ ಒಂದು ಮರ್ಯಾದೆ ಅಂದುಕೊಂಡೆ.

ಕೀಲಾರದವಳೊಬ್ಬಳು. ರವಿಕೆ ಎರಡೂ ಕಡೆ ಒದ್ದೆ.
"ಮಗೀಗೆ ಎಲ್ಡ್ ತಿಂಗ್ಳು ಕನಕ್ಕ, ಗೇಟ್ತಾವ ನಮ್ಮತ್ತೆ ಎತ್ಕೊಂಡವ್ರೆ."
ಒಳಗೆ ಮಡಿಸಿಟ್ಟ ಬಟ್ಟೆ ತಾನೇ ತೆಗೆದು ತೋರಿಸಿದಳು.
ನಿಯಮ: ಒಳಗೆ ಏನೂ ಇರಕೂಡದು.
ಅದನ್ನು ಈಸಿಕೊಂಡು
ನನ್ನ ಒಣ ಕರ್ಚೀಫು ಕೊಟ್ಟು
ಬೆನ್ನು ತಿರುಗಿಸಿ ನಿಂತೆ.
ವಹಿಯಲ್ಲಿ ಬರೆದೆ: ಏನೂ ಸಿಕ್ಕಲಿಲ್ಲ.

ಸೋಮವಾರ ಸೂಪರಿಂಟೆಂಡೆಂಟು ಎಂದಿನಂತೆ
ನನ್ನ ಕುರ್ಚಿಗೆ ಕೈಯೂರಿ, ಭುಜದ ಮೇಲೆ ಬಾಗಿ ಬಿಲ್ಲು ನೋಡಿದರು.
"ಹೆಂಗಿತ್ತು ಡ್ಯೂಟಿ?"
ಕುರ್ಚಿ ಸರಿಸಿದೆ.
ಕಿರ್ರೆಂದಿತು, ಇಡೀ ಸೆಕ್ಷನ್ನು ತಿರುಗಿತು.
"ಬಿಲ್ಲು ನಿಮ್ಮ ಮೇಜಿಗೇ ತಂದಿಡ್ತೀನಿ ಸಾರ್."

ಊಟದ ಡಬ್ಬಿ ತೆಗೆಯಲು ಬ್ಯಾಗು ಬಿಚ್ಚಿದರೆ
ಆ ಬಟ್ಟೆ ಅಲ್ಲೇ.
ಹುಳಿತ ಹಾಲಿನ ವಾಸನೆ.